ಕರಾವಳಿ ಸುತ್ತುತ್ತ ಸರ್ಫಿಂಗ್ ಕಲಿಯುವುದು: ಒಂದೇ ದಂಡೆಯಲ್ಲಿ ಉಳಿಯಬೇಕೇ, ಊರೂರು ತಿರುಗಬಹುದೇ?

ಕಡಲಹಾದಿ | ಡಿಸೆಂಬರ್ 4

ಜನವರಿ ಎರಡನೆಯ ವಾರದಿಂದ ನನಗೂ ನನ್ನ ತಂಗಿಗೂ ಐದು ವಾರಗಳ ಬಿಡುವು ಸಿಕ್ಕಿದೆ. ಶ್ರೀಲಂಕಾದ ಕರಾವಳಿಯನ್ನು ಹಿಡಿದು ಸುತ್ತಬೇಕು, ಸುತ್ತುತ್ತ ಸರ್ಫಿಂಗ್ ಕಲಿಯಬೇಕು ಎಂಬುದು ನಮ್ಮಿಬ್ಬರ ಬಹುದಿನಗಳ ಆಸೆ. ನನಗೆ 38 ವರ್ಷ, ಅವಳಿಗೆ 31. ಇಬ್ಬರೂ ಈಜುಕೊಳದಲ್ಲಿ ಅರ್ಧ ಗಂಟೆ ನಿಲ್ಲದೆ ಈಜಬಲ್ಲೆವು. ಸಮುದ್ರದಲ್ಲಿ ಮಾತ್ರ ಸೊಂಟದ ಮಟ್ಟ ದಾಟಿ ಗೊತ್ತಿಲ್ಲ.

ನಮ್ಮ ನಡುವೆ ಬಗೆಹರಿಯದೆ ಉಳಿದಿರುವುದು ಒಂದೇ ವಿಷಯ. ಮೂರು ದಿನಕ್ಕೊಂದು ದಂಡೆಯಂತೆ ದ್ವೀಪವನ್ನು ಪೂರ್ತಿ ಸುತ್ತಿ, ಹೋದಲ್ಲೆಲ್ಲ ಒಂದೆರಡು ಪಾಠ ಹೇಳಿಸಿಕೊಳ್ಳೋಣ ಎಂದು ತಂಗಿ ಹೇಳುತ್ತಾಳೆ. ಹತ್ತು ಕಡೆ ಬಾವಿ ತೋಡಿ ಎಲ್ಲಿಯೂ ನೀರು ಕಾಣದ ಹಾಗೆ ಆದೀತು ಎಂದು ನನಗೆ ಭಯ. ಒಂದೇ ಊರಿನಲ್ಲಿ ಬಿಡಾರ ಹೂಡಿ ಕಲಿಯಬೇಕೇ, ತಿರುಗುತ್ತಲೂ ಕಲಿಯಬಹುದೇ? ಅಲೆಯ ಮೇಲೆ ನಿಂತು ಬಲ್ಲವರು ದಯವಿಟ್ಟು ಹೇಳಿ.

ಉಪ್ಪುಗಾಳಿ | ಡಿಸೆಂಬರ್ 4

ಮೊದಲು ತಂಗಿಯವರ ನಕ್ಷೆಯನ್ನು ಅರ್ಧಕ್ಕೆ ಮಡಚಿಡಿ. ಜನವರಿಯಲ್ಲಿ ದ್ವೀಪದ ಸುತ್ತಲೂ ಸರ್ಫ್ ಮಾಡಲು ಆಗುವುದಿಲ್ಲ. ದಕ್ಷಿಣ ಮತ್ತು ನೈಋತ್ಯ ಕರಾವಳಿಗೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಮೇ ತಿಂಗಳಲ್ಲಿ ನೈಋತ್ಯ ಮುಂಗಾರು ಇಳಿದ ಮೇಲೆ ಅಲ್ಲಿನ ಸಮುದ್ರ ಕದಡಿಹೋಗುತ್ತದೆ. ಆಗ ಪೂರ್ವದ ಅರುಗಂ ಕೊಲ್ಲಿಯ ಸರದಿ ಬರುತ್ತದೆ, ಅದು ಸೆಪ್ಟೆಂಬರ್ ತನಕ. ಹಾಗಾಗಿ ನಿಮ್ಮ ಪಾಲಿಗೆ ಈಗ ಇರುವುದು ದಕ್ಷಿಣದ ಅಂಚು ಮಾತ್ರ.

ಕಲಿಯುವವರಿಗೆ ವೆಲಿಗಾಮ ಕೊಲ್ಲಿ ಹೇಳಿ ಮಾಡಿಸಿದಂತಿದೆ. ಅಗಲವಾದ ಕೊಲ್ಲಿ, ತಳದಲ್ಲಿ ಮರಳು, ದಂಡೆಯ ತನಕ ಉರುಳಿಕೊಂಡು ಬರುವ ನೊರೆಯಲೆ. ಬಿದ್ದರೆ ಮರಳಿನ ಮೇಲೆ ಬೀಳುತ್ತೀರಿ. ಅಲ್ಲಿಂದ ಕೆಲವೇ ಕಿಲೊಮೀಟರ್ ದೂರದ ಮಿಡಿಗಾಮದಲ್ಲಿ ತಳವೆಲ್ಲ ಬಂಡೆ ಮತ್ತು ಹವಳ. ಅಲ್ಲಿನ ಅಲೆಯನ್ನು ದಂಡೆಯಲ್ಲಿ ನಿಂತು ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಮೊದಲ ವಾರದಲ್ಲಿ ಅದರೊಳಗೆ ಇಳಿಯುವುದು ಸಲ್ಲದು.

ಕನಿಷ್ಠ ಎರಡು ವಾರ ಒಂದೇ ಕಡೆ ಇರಿ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಹೊಸ ದಂಡೆಯ ಮೊದಲ ಎರಡು ದಿನಗಳು ಆ ದಂಡೆಯ ಪರಿಚಯಕ್ಕೇ ಸಲ್ಲುತ್ತವೆ. ಮರಳು ಎಲ್ಲಿ ದಿಬ್ಬವಾಗಿದೆ, ಉಬ್ಬರದಲ್ಲಿ ಅಲೆ ಎಲ್ಲಿ ಒಡೆಯುತ್ತದೆ, ಇಳಿತದಲ್ಲಿ ಎಲ್ಲಿ, ಯಾವ ಮೂಲೆಯಿಂದ ನೀರು ಹಿಂದಕ್ಕೆ ಹರಿಯುತ್ತದೆ ಎಂದು ಕಣ್ಣಿಗೆ ಹಿಡಿಯುವಷ್ಟರಲ್ಲಿ ಮೂರನೆಯ ದಿನ ಬಂದಿರುತ್ತದೆ. ಆಗ ಗಂಟುಮೂಟೆ ಕಟ್ಟಿದರೆ ಐದು ವಾರವೂ ಮೊದಲ ದಿನದ ವಿದ್ಯಾರ್ಥಿಯಾಗಿಯೇ ಉಳಿಯುತ್ತೀರಿ.

ತಿರುಗಾಲು | ಡಿಸೆಂಬರ್ 5

ಋತುವಿನ ವಿಷಯದಲ್ಲಿ ಉಪ್ಪುಗಾಳಿಯವರು ಹೇಳಿದ್ದು ಸರಿ. ಉಳಿದದ್ದಕ್ಕೆ ನನ್ನ ಒಪ್ಪಿಗೆ ಇಲ್ಲ.

ಬಾಲಿಯ ಕುಟಾ ದಂಡೆಯಲ್ಲಿ ನಾನು ಇಪ್ಪತ್ತು ದಿನ ಇದ್ದೆ. ಅದೂ ಮರಳಿನ ತಳ. ದಿನವೂ ಅದೇ ಜಾಗ, ಅದೇ ಎದೆಮಟ್ಟದ ಅಲೆ. ಇಪ್ಪತ್ತನೆಯ ದಿನಕ್ಕೆ ನನಗೆ ಸರ್ಫಿಂಗ್ ಒಲಿಯಿತು ಎಂದು ಪೂರ್ತಿ ನಂಬಿದ್ದೆ. ಅಲ್ಲಿಂದ ದಕ್ಷಿಣದ ಬುಕಿಟ್ ಕಡೆಗೆ ಹೋದೆ. ಅಲ್ಲಿ ಅಲೆ ಹವಳದ ಹಾಸಿನ ಮೇಲೆ ಒಡೆಯುತ್ತದೆ, ಇಳಿತದ ಹೊತ್ತಿನಲ್ಲಿ ಕೆಲವು ಕಡೆ ನೀರು ಮೊಣಕಾಲಿಗೂ ಬರುವುದಿಲ್ಲ. ಎರಡನೆಯ ಅಲೆಗೇ ಹವಳದ ಮೇಲೆ ಎಳೆದಾಡಿಸಿಕೊಂಡು ಬೆನ್ನಿನ ಚರ್ಮ ಕಳೆದುಕೊಂಡೆ. ಇಪ್ಪತ್ತು ದಿನಗಳಲ್ಲಿ ನಾನು ಕಲಿತಿದ್ದು ಕುಟಾ ಒಂದನ್ನೇ ಎಂದು ಆಗ ಗೊತ್ತಾಯಿತು. ನಾಲ್ಕಾರು ಬಗೆಯ ಮೃದುವಾದ ದಂಡೆಗಳನ್ನು ಮೊದಲೇ ನೋಡಿದ್ದರೆ ಪ್ರತಿ ದಂಡೆಗೂ ಬೇರೆಯದೇ ಕಟ್ಟಳೆ ಇರುತ್ತದೆ ಎಂಬ ಅಂಜಿಕೆ ಮೈಯಲ್ಲಿ ಇರುತ್ತಿತ್ತು.

ನಿಮ್ಮ ತಂಗಿಯವರ ಯೋಜನೆಯನ್ನು ಪೂರ್ತಿ ಬಿಡಬೇಡಿ. ಮೂರು ದಿನ ಕಡಿಮೆಯಾಯಿತು, ವಾರಕ್ಕೊಂದು ದಂಡೆ ಮಾಡಿಕೊಳ್ಳಿ.

ನಿಧಾನಿ | ಡಿಸೆಂಬರ್ 5

ಈಜುಕೊಳದ ಅರ್ಧ ಗಂಟೆಯನ್ನು ನಂಬಬೇಡಿ, ಅಲ್ಲಿ ಪ್ರತಿ ಸುತ್ತಿಗೂ ಗೋಡೆ ಸಿಗುತ್ತದೆ. ಹೊರಡುವ ಮೊದಲು ಗೋಡೆ ಮುಟ್ಟದೆ, ಕಾಲು ಊರದೆ, ನಡುಕೊಳದಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ತೇಲಿ ನೋಡಿ.

ಅಲೆಲೆಕ್ಕ | ಡಿಸೆಂಬರ್ 6

ಉಳಿಯುವುದೋ ತಿರುಗುವುದೋ ಎಂಬುದನ್ನು ಅನುಭವಸ್ಥರಿಗೆ ಬಿಡುತ್ತೇನೆ. ನನಗೆ ಅಲೆಯ ಹುಟ್ಟಿನ ಬಗ್ಗೆಯೇ ಹೆಚ್ಚು ಪ್ರೀತಿ, ಅದನ್ನೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಶ್ರೀಲಂಕಾ, ಮಾಲ್ಡೀವ್ಸ್, ಬಾಲಿಗಳ ದಕ್ಷಿಣದ ದಂಡೆಗಳಿಗೆ ಬರುವ ಒಳ್ಳೆಯ ಅಲೆಗಳ ತವರು ಅಂಟಾರ್ಕ್ಟಿಕಾವನ್ನು ಸುತ್ತುವರಿದ ದಕ್ಷಿಣ ಸಾಗರ. ಅಲ್ಲಿ ಬಿರುಗಾಳಿ ನೂರಾರು ಕಿಲೊಮೀಟರ್ ಉದ್ದಕ್ಕೆ ನೀರಿನ ಮೇಲೆ ಉಜ್ಜಿಕೊಂಡು ಹೋದಾಗ ಏಳುವ ಏರಿಳಿತ, ಗಾಳಿಯನ್ನು ಅಲ್ಲೇ ಬಿಟ್ಟು ತಾನು ಪ್ರಯಾಣ ಹೊರಡುತ್ತದೆ. ಸರ್ಫ್ ಮಾಡುವವರು ಇದನ್ನು ಸ್ವೆಲ್ ಎನ್ನುತ್ತಾರೆ. ಒಂದು ಏರು ಹೋಗಿ ಇನ್ನೊಂದು ಬರುವ ನಡುವಿನ ಹೊತ್ತನ್ನು ಅವಧಿ ಎಂದು ಕರೆಯೋಣ. ಅವಧಿ 14 ಸೆಕೆಂಡ್ ಇದ್ದರೆ ಆ ಅಲೆಗಳ ಗುಂಪು ಆಳಸಮುದ್ರದಲ್ಲಿ ಗಂಟೆಗೆ ಸುಮಾರು 40 ಕಿಲೊಮೀಟರ್, ಅಂದರೆ ದಿನಕ್ಕೆ 900 ಕಿಲೊಮೀಟರಿಗೂ ಹೆಚ್ಚು ಸಾಗುತ್ತದೆ. ಅಂಥ ಅಲೆಯೊಂದು ನಿಮ್ಮ ಕಾಲ ಬಳಿ ಬರುವ ಹೊತ್ತಿಗೆ ಅದು ಹುಟ್ಟಿ ಸುಮಾರು ಒಂದು ವಾರ ಕಳೆದಿರುತ್ತದೆ. ಅದನ್ನು ನೆನೆದಾಗಲೆಲ್ಲ ನನಗೆ ಮೈ ಝುಮ್ಮೆನ್ನುತ್ತದೆ.

ಮುನ್ಸೂಚನೆ ನೋಡುವಾಗ ಹೆಚ್ಚಿನವರು ಎತ್ತರ ಮಾತ್ರ ನೋಡುತ್ತಾರೆ. ಅವಧಿಯನ್ನೂ ನೋಡಿ. ಒಂದು ಮೀಟರ್ ಎತ್ತರ, 7 ಸೆಕೆಂಡ್ ಅವಧಿಯ ಅಲೆ ಬೇರೆ. ಅದೇ ಒಂದು ಮೀಟರ್, 15 ಸೆಕೆಂಡಿನದು ಬೇರೆ. ಅವಧಿ ಹೆಚ್ಚಾದಷ್ಟೂ ಅಲೆಯ ಹಿಂದಿರುವ ಶಕ್ತಿ ಹೆಚ್ಚು, ದಂಡೆಯ ಬಳಿ ಅದು ಎದ್ದು ನಿಲ್ಲುವುದೂ ಹೆಚ್ಚು. ಇನ್ನು ಒಡೆಯುವ ಜಾಗದ ವಿಷಯ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅಲೆ ಒಡೆಯುತ್ತದೆ. ಒಂದು ಮೀಟರಿನ ಅಲೆ ಒಡೆಯುವುದನ್ನು ಕಂಡರೆ ಅಲ್ಲಿ ಆಳ ನಿಮ್ಮ ಎದೆಮಟ್ಟದಷ್ಟಿದೆ ಎಂದು ತಿಳಿಯಬಹುದು. ಶ್ರೀಲಂಕಾದಲ್ಲಿ ಉಬ್ಬರ ಇಳಿತಗಳ ಅಂತರ ಒಂದು ಮೀಟರಿಗಿಂತ ಕಡಿಮೆ. ಆದರೂ ಆಳವಿಲ್ಲದ ಕಡೆ ಅರ್ಧ ಮೀಟರಿನಿಂದಲೇ ಅಲೆಯ ಸ್ವಭಾವ ಬದಲಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಈ ಅಂತರ ದೊಡ್ಡದು.

ಬೆಳಿಗ್ಗೆ ಬೇಗ ಏಳಿ ಎಂದು ಎಲ್ಲರೂ ಹೇಳುತ್ತಾರೆ. ಕಾರಣ ಸರಳ. ರಾತ್ರಿ ನೆಲ ಕಡಲಿಗಿಂತ ಬೇಗ ತಣಿಯುವುದರಿಂದ ಮುಂಜಾನೆ ಗಾಳಿ ನೆಲದಿಂದ ಕಡಲ ಕಡೆಗೆ ಬೀಸುತ್ತದೆ. ಅದು ಅಲೆಯ ಮುಖವನ್ನು ಎದುರಿನಿಂದ ತಡೆದು ನುಣುಪಾಗಿ ನಿಲ್ಲಿಸುತ್ತದೆ. ಬಿಸಿಲೇರಿದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬೀಸತೊಡಗುತ್ತದೆ, ಅಲೆ ಕಲಸಿಹೋಗುತ್ತದೆ.

ಕಡಲಹಾದಿ | ಡಿಸೆಂಬರ್ 9

ಇಷ್ಟು ಬರೆದದ್ದಕ್ಕೆ ಎಲ್ಲರಿಗೂ ಋಣಿ. ತಂಗಿಯೂ ಕುಳಿತು ಓದಿದಳು. ಮೊದಲ ಹತ್ತು ದಿನ ವೆಲಿಗಾಮ, ಆಮೇಲೆ ನೋಡೋಣ ಎಂಬಲ್ಲಿಗೆ ಇಬ್ಬರೂ ಒಪ್ಪಿದ್ದೇವೆ.

ಇನ್ನೆರಡು ಕೇಳಬೇಕು. ತಂಗಿಗೆ ಆರಡಿಯ, ಮೊನೆ ಚೂಪಾದ ಬೋರ್ಡ್ ಇಷ್ಟವಾಗಿದೆ, ಒಯ್ಯಲು ಸುಲಭ ಎನ್ನುತ್ತಾಳೆ. ಅದರಲ್ಲಿ ಕಲಿಯಬಹುದೇ? ಇನ್ನೊಂದು, ನನ್ನ ವಯಸ್ಸಿಗೆ ಇದು ತಡವಾಯಿತೇ?

ತೇಲುಹಲಗೆ | ಡಿಸೆಂಬರ್ 9

ಬೋರ್ಡಿನ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಆರಡಿಯದು ಈಗ ಬೇಡ. ಎಂಟರಿಂದ ಒಂಬತ್ತು ಅಡಿ ಉದ್ದದ, ಮೇಲ್ಮೈ ಮೆತ್ತಗಿರುವ ಫೋಮ್ ಬೋರ್ಡನ್ನು ಬಾಡಿಗೆಗೆ ತೆಗೆದುಕೊಳ್ಳಿ. ಬೋರ್ಡಿನ ಗಾತ್ರವನ್ನು ಲೀಟರಿನಲ್ಲಿ ಹೇಳುತ್ತಾರೆ. ಕಲಿಯುವಾಗ ಆ ಸಂಖ್ಯೆ ನಿಮ್ಮ ತೂಕದ ಕಿಲೊಗಿಂತ ಕಡಿಮೆ ಇರಬಾರದು, ಜಾಸ್ತಿ ಇದ್ದಷ್ಟೂ ಒಳ್ಳೆಯದು. ದೊಡ್ಡ ಬೋರ್ಡ್ ನಿಮ್ಮನ್ನು ನೀರಿನ ಮೇಲೆ ಎತ್ತಿ ಹಿಡಿಯುತ್ತದೆ, ಕೈಗಳಿಂದ ನಾಲ್ಕು ಹುಟ್ಟು ಹಾಕಿದರೆ ವೇಗ ಸಿಗುತ್ತದೆ. ಚಿಕ್ಕದರಲ್ಲಿ ಇಡೀ ಬೆಳಗು ಹೋರಾಡಿ ಎರಡು ಅಲೆ ಹಿಡಿಯುವ ಹೊತ್ತಿಗೆ ದೊಡ್ಡದರಲ್ಲಿ ಇಪ್ಪತ್ತು ಹಿಡಿದಿರುತ್ತೀರಿ. ಎದ್ದು ನಿಲ್ಲುವುದನ್ನು ಇಪ್ಪತ್ತು ಸಲ ಮಾಡಿದವರು ಬೇಗ ಕಲಿಯುತ್ತಾರೆ.

ಬೋರ್ಡಿನ ಮೇಲೆ ಮಲಗುವ ಜಾಗ ಬಹಳ ಮುಖ್ಯ. ತೀರ ಮುಂದೆ ಮಲಗಿದರೆ ಮೂತಿ ನೀರಿಗೆ ಕುತ್ತಿ ತಲೆಕೆಳಗಾಗುತ್ತೀರಿ. ಹಿಂದೆ ಸರಿದರೆ ಬಾಲ ಮುಳುಗಿ ಅಲೆ ನಿಮ್ಮನ್ನು ಬಿಟ್ಟು ಮುಂದೆ ಹೋಗುತ್ತದೆ. ಮೂತಿ ನೀರಿನಿಂದ ನಾಲ್ಕು ಬೆರಳಿನಷ್ಟು ಮೇಲಿರಲಿ. ಎದ್ದು ನಿಲ್ಲುವಾಗ ಅಂಗೈಗಳನ್ನು ಪಕ್ಕೆಲುಬಿನ ಬಳಿ ಬೋರ್ಡಿನ ಮೇಲೆ ಊರಿ, ಅಂಚನ್ನು ಹಿಡಿಯಬೇಡಿ. ಹೊರಡುವ ಮೊದಲು ಮನೆಯ ನೆಲದ ಮೇಲೆ ಇದನ್ನು ದಿನಕ್ಕೆ ಮೂವತ್ತು ಸಲ ಮಾಡಿ. ಯಾವ ಕಾಲು ಮುಂದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಹಿಂದೆ ಉಳಿಯುವ ಕಾಲಿನ ಹರಡಿಗೆ ಲೀಶ್ ಕಟ್ಟಬೇಕು. ಬೋರ್ಡನ್ನು ನಿಮಗೆ ಬಿಗಿಯುವ ಆ ಹಗ್ಗ ನಿಮಗಾಗಿ ಎಷ್ಟೋ, ಪಕ್ಕದಲ್ಲಿರುವವರಿಗಾಗಿಯೂ ಅಷ್ಟೇ. ಹಿಡಿತ ತಪ್ಪಿದ ಒಂಬತ್ತು ಅಡಿಯ ಬೋರ್ಡ್ ನೊರೆಯಲ್ಲಿ ಬಂದರೆ ಮಗುವಿನ ತಲೆ ಒಡೆಯಬಲ್ಲದು.

ನೊರೆಯಲೆ ಎದುರು ಬಂದಾಗ ಬೋರ್ಡನ್ನು ಅಲೆಗೂ ನಿಮಗೂ ನಡುವೆ ಅಡ್ಡವಾಗಿ ಹಿಡಿಯಬೇಡಿ, ಎದೆಗೆ ಬಂದು ಬಡಿಯುತ್ತದೆ. ಪಕ್ಕದಲ್ಲಿ, ಮೂತಿ ಅಲೆಯ ಕಡೆಗಿರುವಂತೆ ಹಿಡಿಯಿರಿ. ಬೀಳುವಾಗ ಎಂದೂ ತಲೆ ಮುಂದೆ ಮಾಡಿ ಧುಮುಕಬೇಡಿ, ಚಪ್ಪಟೆಯಾಗಿ ಬೀಳಿ. ಮೇಲೆ ಬರುವಾಗ ತೋಳುಗಳಿಂದ ತಲೆ ಮುಚ್ಚಿಕೊಂಡೇ ಬನ್ನಿ.

ಹಳೆಯ ಈಜುಗಾರ್ತಿ | ಡಿಸೆಂಬರ್ 10

ಕಡಲಹಾದಿಯವರೇ, ನಾನು 52ರಲ್ಲಿ ಆರಂಭಿಸಿದವಳು. ತಡವಾಯಿತೇ ಎಂಬ ಪ್ರಶ್ನೆಯನ್ನು ಇಲ್ಲಿಗೇ ಬಿಟ್ಟು ಹೊರಡಿ.

ಈ ಆಟಕ್ಕೆ ವಯಸ್ಸು, ಹೆಣ್ಣು, ಗಂಡು ಎಂಬ ಗಡಿ ಮೊದಲಿನಿಂದಲೂ ಇರಲಿಲ್ಲ. ಹವಾಯಿ ದ್ವೀಪಗಳಲ್ಲಿ ಅರಸರು, ಜನಸಾಮಾನ್ಯರು, ಹೆಂಗಸರು, ಮಕ್ಕಳು ಎಲ್ಲರೂ ಅಲೆಯೇರುತ್ತಿದ್ದರು. ಅಲ್ಲಿಯ ಡ್ಯೂಕ್ ಕಹನಾಮೋಕು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಈಜಿನ ಚಿನ್ನ ಗೆದ್ದ ಮೇಲೆ ಆಸ್ಟ್ರೇಲಿಯಾಕ್ಕೆ ಹೋದರು. 1914-15ರ ಬೇಸಿಗೆಯಲ್ಲಿ ಸಿಡ್ನಿಯ ಫ್ರೆಶ್‌ವಾಟರ್ ದಂಡೆಯಲ್ಲಿ ಪೈನ್ ಮರದ ಹಲಗೆಯ ಮೇಲೆ ನಿಂತು ತೋರಿಸಿದಾಗ ಅವರೊಂದಿಗೆ ಅದೇ ಹಲಗೆಯನ್ನೇರಿದವಳು ಇಸಬೆಲ್ ಲೆಥಮ್ ಎಂಬ ಹದಿನೈದು ವರ್ಷದ ಹುಡುಗಿ.

ದೇಹದ ವಿಷಯದಲ್ಲಿ ಒಂದೇ ಎಚ್ಚರಿಕೆ. ನೀರಿನಲ್ಲಿ ಕಳೆಯುವ ಹೊತ್ತಿನ ಬಹುಪಾಲು ಕೈಯಿಂದ ಹುಟ್ಟು ಹಾಕುವುದೇ, ನಿಲ್ಲುವುದು ಕೆಲವೇ ಕ್ಷಣ. ಹಾಗಾಗಿ ಮೊದಲು ಸೋಲುವುದು ಭುಜ ಮತ್ತು ಕತ್ತು. ದಿನಕ್ಕೆ ಒಂದೂವರೆ ಗಂಟೆ ಸಾಕು. ಮೂರು ದಿನ ಇಳಿದರೆ ನಾಲ್ಕನೆಯ ದಿನ ದಂಡೆಯಲ್ಲಿ ಕುಳಿತು ನೋಡಿ. ತೋಳು ತುಂಬ ಇರುವ ಬಿಗಿಯಾದ ಅಂಗಿ ತೊಡಿ, ಇಲ್ಲದಿದ್ದರೆ ಬೋರ್ಡಿಗೆ ಹಚ್ಚುವ ಮೇಣ ಹೊಟ್ಟೆಯ ಚರ್ಮವನ್ನು ಉಜ್ಜಿ ಕೆಂಪಾಗಿಸುತ್ತದೆ. ಮುಖಕ್ಕೆ ಝಿಂಕ್ ಆಕ್ಸೈಡ್ ಇರುವ ಲೇಪ ಹಚ್ಚಿ. ಆಕ್ಸಿಬೆಂಝೋನ್, ಆಕ್ಟಿನೋಕ್ಸೇಟ್ ಇರುವ ಲೇಪಗಳ ಮಾರಾಟವನ್ನು ಹವಳಗಳ ಹಿತಕ್ಕಾಗಿ ಹವಾಯಿ 2021ರಿಂದ ನಿಷೇಧಿಸಿದೆ. ನಾವು ಎಲ್ಲಿಗೆ ಹೋದರೂ ಅವನ್ನು ಬಿಡುವುದು ಒಳ್ಳೆಯದು. ಹವಳ ತರಚಿದರೆ ಸಣ್ಣ ಗಾಯವೆಂದು ಬಿಡಬೇಡಿ. ಶುದ್ಧ ನೀರಿನಲ್ಲಿ ಚೆನ್ನಾಗಿ ಉಜ್ಜಿ, ಚೂರು ಉಳಿಯದಂತೆ ತೊಳೆಯಿರಿ. ಉಷ್ಣವಲಯದ ನೀರಿನಲ್ಲಿ ಗಾಯ ಬೇಗ ಕೀವಾಗುತ್ತದೆ. ಧನುರ್ವಾಯು ಚುಚ್ಚುಮದ್ದಿನ ಅವಧಿ ಮುಗಿದಿದೆಯೇ ಎಂದು ಈಗಲೇ ನೋಡಿಕೊಳ್ಳಿ.

ಕಡಲಹಾದಿ | ಜನವರಿ 20

ವೆಲಿಗಾಮದಿಂದ ಬರೆಯುತ್ತಿದ್ದೇನೆ. ಏಳು ದಿನ ಕಳೆದವು.

ಮೊದಲ ಮೂರು ದಿನ ನಾನು ಒಮ್ಮೆಯೂ ನಿಲ್ಲಲಿಲ್ಲ. ತಂಗಿ ಎರಡನೆಯ ದಿನವೇ ನಿಂತಳು. ನಾಲ್ಕನೆಯ ದಿನ ತೇಲುಹಲಗೆಯವರ ಮಾತನ್ನು ನೆನೆದು ಮಲಗುವ ಜಾಗವನ್ನು ಒಂದು ಗೇಣು ಹಿಂದಕ್ಕೆ ತಂದೆ, ಮೂತಿ ಕುತ್ತುವುದು ನಿಂತಿತು. ಆದರೂ ಎದ್ದ ಕೂಡಲೇ ಬೀಳುತ್ತಿದ್ದೆ. ಕಲಿಸುವವರು ದಂಡೆಯಿಂದ ಕೂಗಿ ಹೇಳಿದ್ದು ಒಂದೇ ಮಾತು: ಕಾಲು ನೋಡಬೇಡಿ, ದಂಡೆ ನೋಡಿ. ಕಣ್ಣು ಪಾದಕ್ಕೆ ಹೋದರೆ ತಲೆ ಬಾಗುತ್ತದೆ, ತಲೆಯ ಹಿಂದೆ ಇಡೀ ಮೈ ಹೋಗುತ್ತದೆ. ದೂರದ ಒಂದು ತೆಂಗಿನಮರಕ್ಕೆ ಕಣ್ಣು ನೆಟ್ಟು ಎದ್ದೆ. ನೊರೆ ನನ್ನನ್ನು ದಂಡೆಯ ತನಕ, ಬೋರ್ಡಿನ ಅಡಿಯಲ್ಲಿರುವ ರೆಕ್ಕೆ ಮರಳಿಗೆ ತಾಗುವ ತನಕ ತಂದುಬಿಟ್ಟಿತು. ಇಳಿದು ನೀರಿನಲ್ಲಿಯೇ ಕುಳಿತು ಅತ್ತೆ. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ.

ಈಗ ನೊರೆಯಲೆಯಲ್ಲಿ ಹತ್ತಕ್ಕೆ ಆರು ಸಲ ನಿಲ್ಲುತ್ತೇನೆ. ಬೆಳಿಗ್ಗೆ ಆರೂವರೆಗೆ ಇಳಿದರೆ ನೀರು ಗಾಜಿನಂತಿರುತ್ತದೆ, ಹನ್ನೊಂದರ ಹೊತ್ತಿಗೆ ಅದೇ ನೀರು ಗುರುತು ಸಿಗದಷ್ಟು ಬದಲಾಗಿರುತ್ತದೆ. ಅಲೆಲೆಕ್ಕದವರು ಬರೆದದ್ದನ್ನು ದಿನವೂ ಕಣ್ಣಾರೆ ಕಾಣುತ್ತಿದ್ದೇನೆ.

ತಂಗಿಗೆ ಮಾತ್ರ ಈ ದಂಡೆ ಸಾಕಾಗಿದೆ.

ನಿಧಾನಿ | ಜನವರಿ 20

ಏಳನೆಯ ದಿನಕ್ಕೆ ಇದು ಬಹಳ. ಇನ್ನೊಂದು ವಾರ ಅಲ್ಲೇ ಇರಿ.

ತಿರುಗಾಲು | ಜನವರಿ 21

ತಂಗಿಯವರ ಮನಸ್ಸನ್ನೂ ನೋಡಿ. ಸಾಕಾದ ಮೇಲೆ ಅದೇ ನೀರಿಗೆ ಇಳಿದರೆ ಕಲಿಕೆ ಮುಂದೆ ಹೋಗುವುದಿಲ್ಲ. ಹತ್ತಿರದ ಇನ್ನೊಂದು ಮರಳಿನ ದಂಡೆ ಹುಡುಕಿ.

ಕಡಲಹಾದಿ | ಜನವರಿ 29

ಹತ್ತು ದಿನ ತುಂಬಿದ ಮೇಲೆ ಪೂರ್ವಕ್ಕೆ ಹೊರಟು ಬೇರೆ ದಂಡೆಗೆ ಬಂದೆವು. ದಂಡೆಯ ಹೆಸರು ಹೇಳುವುದಿಲ್ಲ, ತಪ್ಪು ಅದರದಲ್ಲ. ಬಂದ ದಿನವೇ ನಡೆದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಉದ್ದನೆಯ ಮರಳು, ಉದ್ದಕ್ಕೂ ಒಡೆಯುವ ಅಲೆ. ನಡುವೆ ಒಂದು ಕಡೆ, ಮೂವತ್ತು ಹೆಜ್ಜೆಯಷ್ಟು ಅಗಲದಲ್ಲಿ ಅಲೆಯೇ ಇರಲಿಲ್ಲ. ನೀರು ಶಾಂತವಾಗಿ, ಸ್ವಲ್ಪ ಕಪ್ಪಾಗಿ ಕಾಣುತ್ತಿತ್ತು. ಒಳಗೆ ಹೋಗಲು ಇದೇ ಸುಲಭದ ದಾರಿ ಎಂದು ತಂಗಿ ಅಲ್ಲಿ ಇಳಿದಳು. ನಾನೂ ಹಿಂಬಾಲಿಸಿದೆ. ಎಷ್ಟು ಹಗುರವಾಗಿ ಸಾಗಿದೆವೆಂದರೆ ಹತ್ತು ದಿನದಲ್ಲಿ ನಮ್ಮ ತೋಳು ಇಷ್ಟು ಬಲಿತಿದೆಯೇ ಎಂದು ಖುಷಿಯಾಯಿತು. ತಿರುಗಿ ನೋಡಿದಾಗ ದಂಡೆಯ ಮೇಲಿನ ಮನುಷ್ಯರು ಬೆರಳಿನಷ್ಟಾಗಿದ್ದರು.

ತಂಗಿ ತಿರುಗಿ ನೇರ ದಂಡೆಯ ಕಡೆಗೆ ಹುಟ್ಟು ಹಾಕತೊಡಗಿದಳು. ಐದು ನಿಮಿಷ ಬಿಡದೆ ಹಾಕಿದರೂ ಅವಳು ಇದ್ದಲ್ಲೇ ಇದ್ದಳು. ಅವಳ ಉಸಿರಿನ ಸದ್ದು ನನಗೆ ಕೇಳುತ್ತಿತ್ತು. ಬೋರ್ಡ್ ಬಿಟ್ಟು ಈಜುತ್ತೇನೆ ಎಂದು ಲೀಶಿಗೆ ಕೈ ಹಾಕಿದಳು. ಆಗ ನಾನು ಹಿಂದೆಂದೂ ಕೂಗದಷ್ಟು ಜೋರಾಗಿ ಕೂಗಿದೆ. ಬೋರ್ಡ್ ಬಿಡಬೇಡ, ಸುಮ್ಮನೆ ಅದರ ಮೇಲೆ ಮಲಗು ಎಂದೆ. ಅವಳು ಮಲಗಿದಳು. ವೆಲಿಗಾಮದಲ್ಲಿ ಕಲಿಸುವವರು ಕೊಲ್ಲಿಯ ಒಂದು ಅಂಚನ್ನು ತೋರಿಸಿ, ನೊರೆ ಇರುವಲ್ಲಿ ನೀರು ದಂಡೆಗೆ ಹೋಗುತ್ತದೆ, ನೊರೆ ಇಲ್ಲದಲ್ಲಿ ಕಡಲಿಗೆ ಹೋಗುತ್ತದೆ ಎಂದಿದ್ದರು. ಪಕ್ಕದಲ್ಲಿ ನೊರೆ ಏಳುತ್ತಿದ್ದ ಕಡೆಗೆ, ದಂಡೆಗೆ ಸಮಾನಾಂತರವಾಗಿ ಇಬ್ಬರೂ ನಿಧಾನವಾಗಿ ಹುಟ್ಟು ಹಾಕಿದೆವು. ಎರಡು ಮೂರು ನಿಮಿಷಗಳಲ್ಲಿ ಸೆಳೆತ ಸಡಿಲವಾಯಿತು. ಮೊದಲ ನೊರೆಯಲೆ ಬಂದು ನಮ್ಮನ್ನು ಹೊಟ್ಟೆಯ ಮೇಲೆ ಮಲಗಿದ್ದಂತೆಯೇ ಎತ್ತಿಕೊಂಡು ದಂಡೆಗೆ ತಂದಿತು.

ಆ ದಿನ ಮತ್ತೆ ನೀರಿಗೆ ಇಳಿಯಲಿಲ್ಲ.

ಉಪ್ಪುಗಾಳಿ | ಜನವರಿ 29

ಇಬ್ಬರೂ ಕ್ಷೇಮವಾಗಿದ್ದೀರಿ, ಅದೇ ದೊಡ್ಡದು. ನಿಮ್ಮ ಬರಹವನ್ನು ಎರಡು ಸಲ ಓದಿದೆ.

ಇದನ್ನು ಓದುವ ಎಲ್ಲರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಲೆಗಳು ದಂಡೆಯ ಕಡೆಗೆ ತಳ್ಳಿದ ನೀರು ಹೇಗಾದರೂ ಹಿಂದಿರುಗಬೇಕು. ಅದು ಮರಳಿನ ದಿಬ್ಬಗಳ ನಡುವೆ ಆಳವಾದ ಕಾಲುವೆ ಮಾಡಿಕೊಂಡು ಒಟ್ಟಾಗಿ ಹೊರಗೆ ಹರಿಯುತ್ತದೆ. ಆ ಕಾಲುವೆ ಆಳವಾಗಿರುವುದರಿಂದಲೇ ಅಲ್ಲಿ ಅಲೆ ಒಡೆಯುವುದಿಲ್ಲ, ಹಾಗಾಗಿಯೇ ಅದು ಶಾಂತವಾಗಿ ಕಾಣುತ್ತದೆ. ಗೊತ್ತಿಲ್ಲದವರ ಕಣ್ಣಿಗೆ ಇಡೀ ದಂಡೆಯಲ್ಲಿ ಅತ್ಯಂತ ಸುರಕ್ಷಿತ ಜಾಗ ಅದೇ. ಕೆಲವೊಮ್ಮೆ ಈ ಸೆಳೆತದ ವೇಗ ಸೆಕೆಂಡಿಗೆ ಎರಡು ಮೀಟರ್ ದಾಟುತ್ತದೆ. ಒಲಿಂಪಿಕ್ ಈಜುಗಾರರು ಕೂಡ ಅದರ ಎದುರು ಬಹಳ ಹೊತ್ತು ಈಜಲಾರರು. ಆದರೆ ಅದು ಯಾರನ್ನೂ ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ ಅಷ್ಟೇ. ಜನ ಮುಳುಗುವುದು ಎದುರು ಈಜಿ ಸುಸ್ತಾಗಿ. ಬೋರ್ಡ್ ಇಲ್ಲದಿದ್ದರೆ ಬೆನ್ನ ಮೇಲೆ ತೇಲಿ, ಕೈ ಎತ್ತಿ ಸಹಾಯ ಕೇಳಿ, ಶಕ್ತಿ ಇದ್ದರೆ ಪಕ್ಕಕ್ಕೆ ಸರಿಯಿರಿ.

ಅನುಭವಸ್ಥರು ಇದೇ ಸೆಳೆತವನ್ನು ಹೊರಗೆ ಹೋಗುವ ದಾರಿಯಾಗಿ ಬಳಸುತ್ತಾರೆ. ಗೊತ್ತಿದ್ದು ಏರುವುದಕ್ಕೂ ಗೊತ್ತಿಲ್ಲದೆ ಸಿಕ್ಕಿಕೊಳ್ಳುವುದಕ್ಕೂ ನಡುವಿನ ಅಂತರ ದಂಡೆಯಲ್ಲಿ ಕುಳಿತು ನೋಡುವ ಇಪ್ಪತ್ತು ನಿಮಿಷ. ಹೊಸ ದಂಡೆಯಲ್ಲಿ ಆ ಇಪ್ಪತ್ತು ನಿಮಿಷವನ್ನು ಎಂದೂ ಬಿಡಬೇಡಿ. ಒಂದೇ ಕಡೆ ಇರಿ ಎಂದು ನಾನು ಹಟ ಹಿಡಿದದ್ದು ಇದಕ್ಕೇ.

ತಿರುಗಾಲು | ಜನವರಿ 30

ದಂಡೆ ಬದಲಿಸಿ ಎಂದವನು ನಾನು, ಇಳಿಯುವ ಮೊದಲು ಕುಳಿತು ನೋಡಿ ಎಂದು ಹೇಳದೆ ಹೋದೆ. ಅದು ನನ್ನ ತಪ್ಪು, ಕ್ಷಮೆ ಕೇಳುತ್ತೇನೆ. ನನಗೆ ಅದು ಅಭ್ಯಾಸವಾಗಿಹೋಗಿದೆ, ಹೇಳಬೇಕಾದ ಮಾತು ಎಂದು ಹೊಳೆಯಲೇ ಇಲ್ಲ.

ಆದರೂ ಉಪ್ಪುಗಾಳಿಯವರೇ, ಇವರು ವೆಲಿಗಾಮದಲ್ಲಿಯೇ ಐದು ವಾರ ಇದ್ದಿದ್ದರೆ ಆ ಕಪ್ಪು ನೀರಿನ ಗುರುತು ಮಾತಿನಲ್ಲಿಯೇ ಉಳಿಯುತ್ತಿತ್ತು.

ಉಪ್ಪುಗಾಳಿ | ಜನವರಿ 30

ಹತ್ತು ದಿನ ಒಂದೇ ಕಡೆ ಇರದಿದ್ದರೆ ಆ ಗುರುತು ಹೇಳಿಕೊಟ್ಟವರೂ ಇರುತ್ತಿರಲಿಲ್ಲ, ಕೂಗಿ ತಡೆಯುವ ಸ್ಥೈರ್ಯವೂ ಬರುತ್ತಿರಲಿಲ್ಲ. ಇದರಲ್ಲಿ ನಾವಿಬ್ಬರೂ ಒಪ್ಪುವುದು ಕಷ್ಟ.

ಹಳೆಯ ಈಜುಗಾರ್ತಿ | ಜನವರಿ 30

ನಾಳೆ ಸೊಂಟದ ಮಟ್ಟದ ನೊರೆಯಲ್ಲಿಯಾದರೂ ಇಬ್ಬರೂ ಇಳಿಯಿರಿ. ಹೆದರಿಕೆಯನ್ನು ಹೆಚ್ಚು ದಿನ ಒಣಗಲು ಬಿಟ್ಟರೆ ಗಟ್ಟಿಯಾಗುತ್ತದೆ.

ಕಡಲಹಾದಿ | ಫೆಬ್ರವರಿ 14

ನಾಳೆ ಹೊರಡುತ್ತೇವೆ.

ಆ ಘಟನೆಯ ಮಾರನೆಯ ದಿನ ಇಳಿದೆವು, ಸೊಂಟದ ಮಟ್ಟದಲ್ಲಿಯೇ. ಅದೇ ದಂಡೆಯಲ್ಲಿ ಇನ್ನೂ ನಾಲ್ಕು ದಿನ ಇದ್ದೆವು. ಪ್ರತಿ ಬೆಳಿಗ್ಗೆ ಮೊದಲು ಕುಳಿತು ನೋಡುವುದು, ಆ ಕಾಲುವೆ ಎಲ್ಲಿದೆ ಎಂದು ತಂಗಿ ಮೊದಲು ಹೇಳಬೇಕು, ಆಮೇಲೆ ನಾನು ಹೇಳಬೇಕು, ಇಬ್ಬರ ಮಾತೂ ಕೂಡಿದರೆ ಮಾತ್ರ ಇಳಿಯುವುದು. ಎರಡನೆಯ ದಿನ ಕೂಡಲಿಲ್ಲ, ಇಳಿಯಲಿಲ್ಲ. ಬಳಿಕ ವೆಲಿಗಾಮಕ್ಕೆ ಮರಳೋಣ ಎಂದವಳು ತಂಗಿಯೇ. ಮರಳಿ ಬಂದು ನೋಡಿದರೆ ಹತ್ತು ದಿನ ಆಡಿದ ಅದೇ ಕೊಲ್ಲಿಯಲ್ಲಿ ನಮಗೆ ಆಗ ಕಾಣದೇ ಇದ್ದ ಎಷ್ಟೋ ಸಂಗತಿಗಳು ಕಂಡವು. ತಿರುಗಾಲು ಅವರ ಮಾತು ನನಗೆ ಅರ್ಥವಾದದ್ದು ಅಲ್ಲಿ.

ಕೊನೆಯ ವಾರ ನೊರೆಯನ್ನು ದಾಟಿ ಹೊರಗೆ, ಅಲೆ ಇನ್ನೂ ಒಡೆಯದ ಕಡೆ ಹೋಗಿ ಕುಳಿತೆವು. ಅಲ್ಲಿ ಮೊದಲ ದಿನವೇ ನಾನೊಂದು ತಪ್ಪು ಮಾಡಿದೆ. ಅಲೆ ಮೊದಲು ಒಡೆಯುವ ತುದಿಗೆ ಯಾರು ಹತ್ತಿರವಿರುತ್ತಾರೋ ಆ ಅಲೆ ಅವರದು ಎಂಬ ನಿಯಮ ಓದಿದ್ದೆ. ಆದರೆ ಹುಟ್ಟು ಹಾಕುವ ಭರದಲ್ಲಿ ಪಕ್ಕಕ್ಕೆ ನೋಡಲೇ ಇಲ್ಲ. ಆಗಲೇ ಅಲೆಯೇರಿ ಬರುತ್ತಿದ್ದ ಒಬ್ಬರ ದಾರಿಗೆ ಅಡ್ಡ ಬಂದೆ. ಅವರು ನನ್ನನ್ನು ತಪ್ಪಿಸಲು ಬೋರ್ಡಿನಿಂದ ಹಾರಿದರು, ಅವರ ಮೊಣಕೈ ತರಚಿತು. ಹೋಗಿ ಕ್ಷಮೆ ಕೇಳಿದೆ. ಅವರು ಕೋಪಿಸಿಕೊಳ್ಳದೆ, ಪ್ರತಿ ಅಲೆಗೂ ಮೊದಲು ಎರಡೂ ಹೆಗಲ ಮೇಲಿಂದ ನೋಡಿ ಎಂದು ಹೇಳಿ ಹೋದರು. ಆ ಮೊಣಕೈಯ ರಕ್ತ ನನ್ನ ಮನಸ್ಸಿನಿಂದ ಹೋಗಿಲ್ಲ.

ಒಡೆಯದ ಅಲೆಯ ಮೇಲೆ ಐದು ವಾರಗಳಲ್ಲಿ ನಾನು ನಿಂತದ್ದು ಎರಡೇ ಸಲ. ತಂಗಿ ಏಳೆಂಟು ಸಲ ನಿಂತಳು. ನೊರೆಯಲ್ಲಿ ಹಿಂದಿನಿಂದ ಗುದ್ದಿದಂತಾಗುತ್ತದೆ. ಇಲ್ಲಿ ಹಾಗಿಲ್ಲ. ಬಾಲ ಮೆಲ್ಲನೆ ಏಳುತ್ತದೆ, ಇನ್ನೆರಡು ಹುಟ್ಟು ಹಾಕಿದ ಮೇಲೆ ಬೋರ್ಡ್ ತಾನಾಗಿ ಜಾರತೊಡಗುತ್ತದೆ, ಅಲ್ಲಿಯವರೆಗೆ ಕಿವಿಯಲ್ಲಿದ್ದ ಗದ್ದಲ ನಿಂತುಹೋಗುತ್ತದೆ. ಎಡಕ್ಕೆ ನೋಡಿದೆ, ಬೋರ್ಡ್ ಎಡಕ್ಕೆ ತಿರುಗಿತು. ಐದು ಸೆಕೆಂಡ್ ಇರಬಹುದು.

ತೇಲುಹಲಗೆ | ಫೆಬ್ರವರಿ 14

ಎಡಕ್ಕೆ ನೋಡಿದೆ, ಬೋರ್ಡ್ ಎಡಕ್ಕೆ ತಿರುಗಿತು! ಈ ಒಂದು ಸಾಲನ್ನು ಓದಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮೊದಲಹೆಜ್ಜೆ | ಫೆಬ್ರವರಿ 21

ಇಡೀ ಚರ್ಚೆ ಓದಿದೆ. ಮಾರ್ಚ್ ಮೊದಲ ವಾರ ನಾನೂ ವೆಲಿಗಾಮಕ್ಕೆ ಹೋಗುತ್ತಿದ್ದೇನೆ, ಒಬ್ಬನೇ. ಕಡಲಹಾದಿಯವರೇ, ದಂಡೆಯ ಯಾವ ಭಾಗದಲ್ಲಿ ಇಳಿಯುವುದು ಒಳ್ಳೆಯದು ಎಂದು ಹೇಳುತ್ತೀರಾ?

ಕಡಲಹಾದಿ | ಫೆಬ್ರವರಿ 21

ನಾನು ಇಳಿಯುತ್ತಿದ್ದ ಜಾಗವನ್ನು ಹೇಳಬಲ್ಲೆ, ಆದರೆ ನೀವು ಹೋಗುವಷ್ಟರಲ್ಲಿ ಅಲ್ಲಿಯ ಮರಳು ಸರಿದಿರುತ್ತದೆ. ನಾವು ಎರಡನೆಯ ಸಲ ಹೋದಾಗಲೇ ದಿಬ್ಬ ಇಪ್ಪತ್ತು ಹೆಜ್ಜೆ ಪಕ್ಕಕ್ಕೆ ಹೋಗಿತ್ತು.

ಬೆಳಿಗ್ಗೆ ಆರು ಗಂಟೆಗೆ ಹೋಗಿ ಮರಳಿನ ಮೇಲೆ ಕುಳಿತುಕೊಳ್ಳಿ. ಸಾಲಾಗಿ ನಾಲ್ಕೈದು ದೊಡ್ಡ ಅಲೆ ಬಂದು, ಮತ್ತೆ ಹತ್ತು ನಿಮಿಷ ಚಿಕ್ಕವು ಬರುತ್ತವೆ. ಕನಿಷ್ಠ ಎರಡು ಸಲ ಆ ದೊಡ್ಡ ಸಾಲು ಬಂದು ಹೋಗುವ ತನಕ ಏಳಬೇಡಿ. ನೊರೆ ದಂಡೆಯ ತನಕ ಮುರಿಯದೆ ಬರುವ ಕಡೆ ಒಂದಿರುತ್ತದೆ, ನೊರೆ ನಡುವೆಯೇ ಕರಗಿ ನೀರು ಕಪ್ಪಾಗುವ ಕಡೆ ಒಂದಿರುತ್ತದೆ. ಮೊದಲನೆಯದರ ಎದುರಿಗೆ ದಂಡೆಯ ಮೇಲೆ ಒಂದು ಮರವನ್ನೋ ಮನೆಯನ್ನೋ ಗುರುತು ಮಾಡಿಕೊಳ್ಳಿ. ನೀರಿನಲ್ಲಿದ್ದಾಗ ಎರಡು ಅಲೆಗೊಮ್ಮೆ ತಿರುಗಿ ಆ ಗುರುತು ನಿಮ್ಮ ಎದುರಿಗೇ ಇದೆಯೇ ನೋಡಿ. ಪಕ್ಕಕ್ಕೆ ಸರಿದಿದ್ದರೆ ಎದ್ದು ದಂಡೆಗೆ ಬಂದು, ನಡೆದುಕೊಂಡು ಗುರುತಿನ ಎದುರಿಗೆ ಹೋಗಿ ಮತ್ತೆ ಇಳಿಯಿರಿ. ಒಬ್ಬರೇ ಹೋಗುತ್ತಿದ್ದೀರಿ ಎಂದಿದ್ದೀರಿ. ಇಳಿಯುವ ಮೊದಲು ಪಕ್ಕದಲ್ಲಿ ಕುಳಿತವರನ್ನು ಮಾತನಾಡಿಸಿ, ಕಪ್ಪು ನೀರು ಎಲ್ಲಿದೆ ಎಂದು ಅವರನ್ನೂ ಕೇಳಿ.